ಒಗ್ಗರಣೆ ಡಬ್ಬಿಯ ಚಿಕ್ಕ ಚಮಚ

ನನ್ನ ಅಳತೆ ಚಮಚಗಳ ಗೊಂಚಲಿನಲ್ಲಿ ಒಂದು ಚಮಚ ಆ ಗೊಂಚಲಿಗೆ ಸೇರಿದ್ದಲ್ಲ. ಉಳಿದವೆಲ್ಲ ಒಂದೇ ಬಳಗದವು. ಒಂದೇ ಹೊಳಪು, ಹಿಡಿಯ ಮೇಲೆ ಅಳತೆ ಕೊರೆದಿದೆ, ತುದಿಯ ತೂತಿಗೆ ರಿಂಗು ಪೋಣಿಸಿದೆ. ಇದಕ್ಕೆ ತೂತೂ ಇಲ್ಲ, ಅಂಕಿಯೂ ಇಲ್ಲ. ಹಿಡಿಗೆ ದಾರ ಸುತ್ತಿ ಅದೇ ರಿಂಗಿಗೆ ಕಟ್ಟಿದ್ದೇನೆ. ಪುಟ್ಟ ಗುಂಡು ಬಟ್ಟಲಿನ ಮಾಮೂಲಿ ಸ್ಟೀಲ್ ಚಮಚ. ಮೂಗಿನ ಹತ್ತಿರ ಹಿಡಿದರೆ ಈಗಲೂ ಸಾಸಿವೆ, ಇಂಗಿನ ವಾಸನೆ ಬರುತ್ತದೆ ಅನ್ನಿಸುತ್ತದೆ. ಸ್ಟೀಲಿಗೆ ವಾಸನೆ ಅಂಟುವುದಿಲ್ಲ ಎಂದು ನನಗೂ ಗೊತ್ತು.

ನಿನ್ನೆ ಮಧ್ಯಾಹ್ನ ಪಕ್ಕದ ಫ್ಲಾಟಿನ ಹುಡುಗಿ ಕೇಕ್ ಕಲಿಯುತ್ತೇನೆ ಎಂದು ಬಂದು ನನ್ನ ಅಡುಗೆಮನೆಯಲ್ಲಿ ನಿಂತಿದ್ದಳು. ನಾನು ಬೇಕಿಂಗ್ ಪೌಡರ್ ಹಾಕುವುದನ್ನು ನೋಡಿ, "ಒಂದು ಟೀ ಸ್ಪೂನ್ ಅಂತ ಬರ್ದಿದೆ, ನೀವು ಎರಡು ಹಾಕಿದ್ರಲ್ಲಾ ಆಂಟಿ?" ಅಂದಳು. ಇದರಲ್ಲಿ ಎರಡು ಅಂದರೆ ಅದರಲ್ಲಿ ಒಂದು ಎಂದೆ. ಹಾಗಾದರೆ ಆ ಒಂದರ ಚಮಚ ಎಲ್ಲಿ ಎಂದು ಕೇಳಿದಳು. ಈಗಿನ ಮಕ್ಕಳು ಒಂದು ಉತ್ತರಕ್ಕೆ ಬಿಡುವವರಲ್ಲ. ಅದು ಬೇರೆಯವರ ಮನೆಯಲ್ಲಿದೆ ಎಂದು ಹೇಳಿ ಓವನ್ ಬಾಗಿಲು ಹಾಕಿದೆ. ಆಮೇಲೆ ನನಗೆ ಕೇಕಿನ ಕಡೆ ಗಮನವೇ ಹೋಗಲಿಲ್ಲ. ತಳ ಸ್ವಲ್ಪ ಸೀದುಹೋಯಿತು.

ಆ ಚಮಚ ನಮ್ಮ ಓನರ್ ಆಂಟಿಯದು. ಈ ತಣಿಸಂದ್ರದ ಅಪಾರ್ಟ್‌ಮೆಂಟಿಗೆ ಬರುವ ಮುಂಚೆ ನಾನು ಸಹಕಾರನಗರದಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಒಡತಿ ಆಂಟಿ, ಅವರ ಯಜಮಾನರು. ಮೇಲೆ ನಾನು ಮತ್ತು ನನ್ನ ಓವನ್. ಅವರದು ಕೊಡಿಗೇಹಳ್ಳಿಯ ಹಳೇ ಮನೆತನ. ಬಡಾವಣೆ ಬರುವ ಮೊದಲು ಅಲ್ಲೆಲ್ಲ ರಾಗಿ ಬೆಳೆಯುತ್ತಿದ್ದರಂತೆ. ನಿಮ್ಮ ಹೊಲ ಎಲ್ಲಿತ್ತು ಎಂದು ಕೇಳಿದರೆ ಆಂಟಿ ಒಂದು ದಿನ ಪಾರ್ಕಿನ ಕಡೆ ಕೈ ತೋರಿಸುತ್ತಿದ್ದರು, ಇನ್ನೊಂದು ದಿನ ಬ್ಯಾಂಕಿನ ಕಡೆ. ಯಾವುದು ನಿಜವೋ... ಎರಡೂ ಇರಬಹುದು.

ನಾನು ಹುಟ್ಟುಹಬ್ಬದ ಕೇಕುಗಳನ್ನು ಆರ್ಡರ್ ಮೇಲೆ ಮಾಡಿಕೊಡುತ್ತಿದ್ದೆ. ಆಂಟಿ ತಾರಸಿಗೆ ಬಟ್ಟೆ ಒಣಹಾಕಲು ಬಂದವರು ನನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಚಮಚದಲ್ಲಿ ತೆಗೆದು, ಚಾಕುವಿನ ಬೆನ್ನಿನಿಂದ ಮೇಲಿನದನ್ನು ಸವರಿ ಸಮ ಮಾಡಿ ಹಾಕುವ ನನ್ನ ಕ್ರಮ ಅವರಿಗೆ ದೊಡ್ಡ ತಮಾಷೆ. "ಅಡುಗೆ ಮಾಡ್ತಿದ್ದೀಯೋ, ಮಗೀಗೆ ಔಸ್ದಿ ಕುಡಿಸ್ತಿದ್ದೀಯೋ?" ಎಂದು ರೇಗಿಸುತ್ತಿದ್ದರು. ಅವರ ಅಡುಗೆಗೆಲ್ಲ ಕೈಯೇ ಅಳತೆ. ಖಾರದ ಪುಡಿ, ಧನಿಯ, ಹುಣಸೆಹಣ್ಣು ಯಾವುದಕ್ಕೂ ಅವರು ಚಮಚ ಮುಟ್ಟುತ್ತಿರಲಿಲ್ಲ.

ಉಪ್ಪಿಗೆ ಮಾತ್ರ ಮುಟ್ಟುತ್ತಿದ್ದರು. ನಾನು ಆ ಮನೆಗೆ ಹೋಗುವ ಎಷ್ಟೋ ವರ್ಷ ಮೊದಲೇ ಅಂಕಲ್‌ಗೆ ಬಿಪಿ ಶುರುವಾಗಿತ್ತು. ತೋರಿಸಲು ಹೋದಾಗ ಆರ್.ಟಿ. ನಗರದ ಡಾಕ್ಟರೊಬ್ಬರು ಹೇಳಿದ್ದರಂತೆ, ಇಡೀ ದಿನಕ್ಕೆ ಒಬ್ಬರಿಗೆ ಒಂದು ಚಿಕ್ಕ ಚಮಚ ಉಪ್ಪು, ಅದೂ ಸಮ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ಆಂಟಿ ಮನೆಗೆ ಬಂದು ಮನೆಯಲ್ಲಿದ್ದ ಚಿಕ್ಕ ಚಮಚವನ್ನು ಹುಡುಕಿದರು. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆಯ ಜೊತೆ ಇರುತ್ತದಲ್ಲ, ಅದು. ಅಂದಿನಿಂದ ಬೆಳಿಗ್ಗೆ ಎದ್ದವರು ಒಂದು ಪುಟ್ಟ ಬಟ್ಟಲಿಗೆ ತಲೆಗೊಂದರಂತೆ ಎರಡು ಚಮಚ ಉಪ್ಪು ಅಳೆದಿಡುತ್ತಿದ್ದರು. ತಿಂಡಿ, ಸಾರು, ಪಲ್ಯ, ಮಜ್ಜಿಗೆ ಎಲ್ಲಕ್ಕೂ ಆ ಬಟ್ಟಲಿನದೇ. ಅದು ಮುಗಿದರೆ ಅವತ್ತಿನ ಉಪ್ಪು ಮುಗಿಯಿತು. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಹತ್ತಿರ ಸುಳಿಯುವಂತಿರಲಿಲ್ಲ. ಅಂಕಲ್‌ಗೊಂದು, ತನಗೊಂದು ಎಂದು ಬೇರೆ ಅಡುಗೆಯನ್ನೂ ಅವರು ಮಾಡಲಿಲ್ಲ. ಅವರು ತಿಂದದ್ದನ್ನೇ ಇವರೂ ತಿಂದರು.

ಅಂಕಲ್ ಬಾಯಿರುಚಿಯ ಮನುಷ್ಯ. ಅನ್ನ ಕಲಸಿದ ಕೂಡಲೇ "ಸಪ್ಪೆ ಕಣೇ" ಅನ್ನುತ್ತಿದ್ದರು. ಅದು ನನಗೆ ಮೇಲಕ್ಕೆ ಕೇಳುತ್ತಿತ್ತು. ಆಂಟಿಯ ಉತ್ತರವೂ ಕೇಳುತ್ತಿತ್ತು: "ಸಪ್ಪೆಯಿದ್ರೂ ಪರ್ವಾಗಿಲ್ಲ, ಜೀವ ಇರ್ಲಿ." ಇದು ಜಗಳವೇನಲ್ಲ, ದಿನಾ ನಡೆಯುವ ಮಾತು. ಆಂಟಿ ಹೊರಗೆ ಹೋದ ಹೊತ್ತು ನೋಡಿ ಅಂಕಲ್ ಮೆಟ್ಟಿಲು ಹತ್ತಿ ಬಂದು, ಅರ್ಧ ಬಾಗಿಲಲ್ಲಿ ನಿಂತು, "ಮಗಾ, ಒಂಚೂರು ಉಪ್ಪಿನಕಾಯಿ ಇದ್ಯಾ?" ಎಂದು ಪಿಸುಗುಡುತ್ತಿದ್ದರು. ನಾನು ಒಂದೇ ಒಂದು ಹೋಳು ಕೊಡುತ್ತಿದ್ದೆ. ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತು ಚೀಪುತ್ತಿದ್ದರು. ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು, ಅಷ್ಟು ಆಸ್ತಿ ನೋಡಿದವರು, ಒಂದು ಹೋಳಿಗೆ ಹಾಗೆ ಕೂರುತ್ತಿದ್ದದ್ದು ನೋಡಿ ನನಗೆ ನಗುವೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು.

ಅಂಕಲ್‌ರ ತಮ್ಮ ಕೊಡಿಗೇಹಳ್ಳಿಯ ಹಳೇ ಮನೆಯಲ್ಲೇ ಇದ್ದರು. ಬಾಯಿ ಜೋರಿನವರು. ಬಂದು ಊಟಕ್ಕೆ ಕೂತಾಗಲೆಲ್ಲ, "ಅತ್ತಿಗೆಮ್ಮ, ನಮ್ಮಣ್ಣನ ಬಾಯ್ ರುಚಿ ಕಿತ್ಕೊಂಡ್ಬಿಟ್ರಿ ನೀವು" ಅನ್ನುತ್ತಿದ್ದರು. ಆಂಟಿ ನಗುತ್ತಲೇ ಬಡಿಸುತ್ತಿದ್ದರು. ಆದರೆ ಆ ಮಾತು ಅವರಿಗೆ ಚುಚ್ಚುತ್ತಿತ್ತು. ಮೈದುನ ಹೊರಟ ಮೇಲೆ ಪಾತ್ರೆಗಳ ಸದ್ದು ಸ್ವಲ್ಪ ಹೆಚ್ಚಾಗಿ ಕೇಳುತ್ತಿತ್ತು.

ಅಂಕಲ್ ಹೋದದ್ದು ಬಿಪಿಯಿಂದಲ್ಲ. ಒಂದು ಬೆಳಿಗ್ಗೆ ಹಾಲು ತರಲು ಹೋದವರಿಗೆ ನಮ್ಮ ರಸ್ತೆಯ ತಿರುವಿನಲ್ಲೇ ನೀರಿನ ಟ್ಯಾಂಕರ್ ಹಿಂದಕ್ಕೆ ಬಂದು ಗುದ್ದಿತು. ಅಷ್ಟೇ. ಹಿಂದಿನ ವಾರವಷ್ಟೇ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು, ಬಿಪಿ ಚೆನ್ನಾಗಿ ಹಿಡಿತದಲ್ಲಿದೆ ಎಂದು ಹೇಳಿಸಿಕೊಂಡು ಬಂದಿದ್ದರು. ನೋಡಲು ಬಂದವರೆಲ್ಲ ಏನಾಯಿತು ಎಂದು ಕೇಳಿದರೆ ಆಂಟಿ ಒಂದೇ ಧ್ವನಿಯಲ್ಲಿ, "ಬಿಪಿ ಏನೂ ಮಾಡ್ಲಿಲ್ಲ, ಟ್ಯಾಂಕರ್ ಮಾಡ್ತು" ಅನ್ನುತ್ತಿದ್ದರು. ಅತ್ತದ್ದನ್ನು ನಾನು ನೋಡಲಿಲ್ಲ. ಮಗ, ಸೊಸೆ ಸೋಲದೇವನಹಳ್ಳಿಯಲ್ಲಿದ್ದರು. ಮಗನಿಗೆ ಅಲ್ಲಿ ಸಿಮೆಂಟ್, ಕಬ್ಬಿಣದ ಅಂಗಡಿ. ಅಲ್ಲಿಗೆ ಬಂದು ಇರಿ ಎಂದು ಅವರು ಕರೆದರೂ ಆಂಟಿ ಹೋಗಲಿಲ್ಲ. ಬೆಳಿಗ್ಗೆ ಬಟ್ಟಲಿಗೆ ಒಂದು ಚಮಚ ಉಪ್ಪು ಹಾಕಿಕೊಳ್ಳುವುದನ್ನೂ ಬಿಡಲಿಲ್ಲ. ಎರಡಿದ್ದದ್ದು ಒಂದಾಯಿತು, ಅಷ್ಟೇ ವ್ಯತ್ಯಾಸ.

ವರ್ಷ ತುಂಬಿತು. ಆಮೇಲೆ ಹಿರಿಯರ ಹಬ್ಬ ಹತ್ತಿರ ಬಂತು. ಮಹಾಲಯ ಅಮಾವಾಸ್ಯೆಯಂದು ಮನೆಯಲ್ಲಿ ತೀರಿಹೋದವರಿಗೆ ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಎಡೆ ಇಡುವ ಹಬ್ಬ ಅದು. ಅಂಕಲ್‌ಗೆ ಮೊದಲ ಎಡೆ. ಆ ಹಬ್ಬಕ್ಕೆ ಇನ್ನೂ ಕೆಲವು ವಾರ ಇರುವಾಗ ಒಂದು ಮಧ್ಯಾಹ್ನ ಆಂಟಿ ಮೇಲೆ ಬಂದು, ಕುರ್ಚಿ ಎಳೆದುಕೊಂಡು ಕೂತು, "ನಿನ್ನ ಔಸ್ದಿ ಚಮಚ ಕೊಡು" ಅಂದರು.

ತಮಾಷೆ ಅಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಅಂಕಲ್‌ಗೆ ಹುರುಳಿಕಾಳಿನ ಬಸ್ಸಾರು ಅಂದರೆ ಪ್ರಾಣ. ಮಟನ್ ಸಾರನ್ನು ಮೈದುನನ ಮನೆಯವರು ಮಾಡಿ ತರುತ್ತಾರೆ, ವಡೆ, ಪಾಯಸವನ್ನು ಸೊಸೆ ನೋಡಿಕೊಳ್ಳುತ್ತಾಳೆ, ಬಸ್ಸಾರು ಮಾತ್ರ ತಾನೇ ಮಾಡಬೇಕು. ಅದಕ್ಕೆ ಉಪ್ಪು ಈ ಸಪ್ಪೆ ಉಪ್ಪಲ್ಲ, ಬಿಪಿ ಬರುವ ಮುಂಚೆ ಹಾಕುತ್ತಿದ್ದ ಉಪ್ಪು. "ಈಗ್ಯಾವ ಬಿಪಿ ಅವ್ರಿಗೆ? ಬಾಯ್ತುಂಬಾ ಉಣ್ಲಿ" ಅಂದರು. ಆದರೆ ತೊಂದರೆ ಏನೆಂದರೆ, ಆ ಉಪ್ಪು ಎಷ್ಟು ಎಂಬುದು ಅವರಿಗೆ ಮರೆತುಹೋಗಿತ್ತು. ನಾಲಿಗೆಯೂ ಕೆಟ್ಟಿತ್ತು, ಅಷ್ಟು ವರ್ಷ ಸಪ್ಪೆ ತಿಂದವರಿಗೆ ಸ್ವಲ್ಪ ಹಾಕಿದರೂ ಉಪ್ಪುಪ್ಪು ಅನ್ನಿಸುತ್ತಿತ್ತು.

ಅವತ್ತೇ ರುಚಿ ನೋಡಿ ಸರಿ ಮಾಡಿದರಾಯಿತಲ್ಲ ಎಂದೆ ನಾನು. ನನಗೇನು ಗೊತ್ತು? ಎಡೆಗೆ ಮಾಡಿದ ಅಡುಗೆಯನ್ನು ಮೊದಲು ಹಿರಿಯರೇ ಉಣ್ಣಬೇಕು. ಅದಕ್ಕೂ ಮುಂಚೆ ಒಂದು ತೊಟ್ಟು ನಾಲಿಗೆಗೆ ತಾಗಿದರೂ ಅದು ಎಂಜಲು. ಮಾಡುವವರು ಮೂಗಿನ ಹತ್ತಿರ ಕೂಡ ತರುವಂತಿಲ್ಲ. ಉಪ್ಪನ್ನು ಬೇರೆಯಾಗಿ ಎಲೆಯ ತುದಿಗೆ ಬಡಿಸುವುದೂ ಅವರ ಮನೆಯಲ್ಲಿ ನಿಷಿದ್ಧ. ಅಂದರೆ ಪಾತ್ರೆಯೊಳಗೆ ಹಾಕಿದ್ದೇ ಕಡೆ. ಹೆಚ್ಚಾಯಿತು, ಕಡಿಮೆಯಾಯಿತು ಅನ್ನುವುದು ಎಲೆ ಎತ್ತಿದ ಮೇಲೆ, ಮನೆಯವರು ಉಣ್ಣಲು ಕೂತಾಗಲೇ ಗೊತ್ತಾಗಬೇಕು. ಮೊದಲು ಕೂರುವವರು ಮೈದುನ. ಹಳೆಯ ಅಳತೆ ಅವರಿಗೆ ಗೊತ್ತಿರಬಹುದಲ್ಲ, ಕೇಳಿ ಎಂದೆ. ಆಂಟಿ ನನ್ನನ್ನು ಹೇಗೆ ನೋಡಿದರೆಂದರೆ, ನಾನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮರುದಿನ ನಾನು ಚಮಚದ ಗೊಂಚಲು ಹಿಡಿದು ಕೆಳಗಿಳಿದೆ. ಆಂಟಿ ಮನೆಯಲ್ಲಿದ್ದ ಚಮಚಗಳನ್ನೆಲ್ಲ ಒಂದು ದೊಡ್ಡ ತಟ್ಟೆಗೆ ಸುರಿದಿಟ್ಟಿದ್ದರು. ಮೊದಲು ನನ್ನವನ್ನು ಪರಿಚಯ ಮಾಡಿಕೊಟ್ಟೆ. ಇದು ಟೀ ಸ್ಪೂನ್, ಇಂಥವು ಮೂರು ಸೇರಿದರೆ ಈ ದೊಡ್ಡ ಟೇಬಲ್ ಸ್ಪೂನ್. ಅವರು ನನ್ನ ಬಾಯಿಮಾತನ್ನು ನಂಬಲಿಲ್ಲ. ಚಿಕ್ಕದರಲ್ಲಿ ಮೂರು ಸಲ ಉಪ್ಪು ತೆಗೆದು ದೊಡ್ಡದಕ್ಕೆ ಸುರಿದು, ಬೆರಳಿನಿಂದ ಸವರಿ, "ಔದಲ್ಲ!" ಅಂದರು. ಆಮೇಲೆ ಅವರಿಗೆ ಹುರುಪು ಬಂತು. ಸಕ್ಕರೆ ಡಬ್ಬದ ಚಮಚ, ಮದುವೆಯಲ್ಲಿ ಉಡುಗೊರೆ ಬಂದ ಚಮಚ, ಮೊಸರಿನ ಚಮಚ, ಒಂದೊಂದನ್ನೂ ನನ್ನ ಚಮಚಕ್ಕೆ ಹಿಡಿದು ನೋಡಿದರು. ಒಂದೂ ಇನ್ನೊಂದರಂತಿರಲಿಲ್ಲ. ಊಟದ ಚಮಚ ನೋಡಲು ನನ್ನ ಟೇಬಲ್ ಸ್ಪೂನಿನಷ್ಟೇ ಉದ್ದ, ಹಿಡಿಯುವುದು ಮಾತ್ರ ಕಡಿಮೆ. ತುಂಬಿ ಗುಡ್ಡೆ ಮಾಡಿದರೆ ಒಂದು ಲೆಕ್ಕ, ಸಮ ಮಾಡಿದರೆ ಇನ್ನೊಂದು. ನಾವಿಬ್ಬರೂ ನಗುತ್ತಿದ್ದೆವು. ಅಂಗಡಿ ಆಟ ಆಡುವ ಮಕ್ಕಳ ಹಾಗೆ ನೆಲದ ಮೇಲೆಲ್ಲ ಉಪ್ಪು.

ಕಡೆಗೆ ಒಗ್ಗರಣೆ ಡಬ್ಬಿ ತೆಗೆದು ಆ ಚಿಕ್ಕ ಚಮಚವನ್ನು ಕೈಗೆತ್ತಿಕೊಂಡರು. ಅದರ ತುಂಬ ಉಪ್ಪು ತೆಗೆದು, ಅಭ್ಯಾಸದಂತೆ ಸಮ ಮಾಡಿ, ನನ್ನ ಟೀ ಸ್ಪೂನಿಗೆ ಸುರಿದರು. ಅದು ತುಂಬಲಿಲ್ಲ. ಇನ್ನೊಂದು ಸುರಿದರು. ಆಗ ಅಂಚಿನ ತನಕ ಬಂತು.

ಆಂಟಿ ನನ್ನ ಚಮಚವನ್ನು ಅಲುಗದಂತೆ ಎತ್ತಿ ಹಿಡಿದು, "ಡಾಕ್ಟ್ರು ಏಳಿದ್ದು ಇದಾ?" ಎಂದು ಕೇಳಿದರು. ನಾನು ತಡವರಿಸಿದೆ.

"ಸುಳ್ಳು ಏಳ್ಬ್ಯಾಡ."

"ಇದೇ ಆಂಟಿ. ಸಾಮಾನ್ಯವಾಗಿ ಅವರು ಹೇಳೋದು ಇದನ್ನೇ."

ಅಂದರೆ ಅಷ್ಟು ವರ್ಷ ಅಂಕಲ್ ತಿಂದದ್ದು ಡಾಕ್ಟರು ಹೇಳಿದ್ದರ ಅರ್ಧ. ಅದನ್ನು ನಾನು ಹೇಳಬೇಕಾಗಿರಲಿಲ್ಲ, ಉಪ್ಪೇ ಹೇಳುತ್ತಿತ್ತು. ಅದಕ್ಕಿಂತ ಹೆಚ್ಚು ಬೇಡ ಅಂದಿದ್ದರೇ ಹೊರತು ಕಡಿಮೆ ಹಾಕಬಾರದು ಅಂದಿರಲಿಲ್ಲವಲ್ಲ, ಬಿಪಿ ಹಿಡಿತದಲ್ಲಿತ್ತಲ್ಲ ಎಂದು ಏನೇನೋ ಸಮಾಧಾನ ಹೇಳಿದೆ. ಅದೆಲ್ಲ ನಿಜವೇ. ಆಂಟಿ ಕೇಳಿಸಿಕೊಂಡರು. "ಬಿಪಿ ಇಡಿತದಲ್ಲಿತ್ತು, ಔದು. ಅವ್ರಿಗೆ ಬಾಯೂ ಇತ್ತಲ್ಲ" ಅಂದರು.

ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಚೆಲ್ಲಿದ ಉಪ್ಪನ್ನು ತುಳಿಯಬಾರದೆಂದು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದರು. ನಾನೂ ಒರೆಸಿದೆ. ಸಪ್ಪೆ ಅನ್ನುವ ಮಾತಿಗೆ ದಿನಾ ಅವರು ಕೊಟ್ಟ ಉತ್ತರ ನನ್ನ ಕಿವಿಯಲ್ಲೇ ಇತ್ತು, ಅವರ ಕಿವಿಯಲ್ಲಿ ಏನಿತ್ತೋ... ಬಟ್ಟೆ ಹಿಂಡುತ್ತಾ, ತಲೆ ಎತ್ತದೆ ಆಂಟಿ ಅಂದರು: "ನೀನಾದ್ರೂ ಉಪ್ಪಿನಕಾಯಿ ಕೊಟ್ಯಲ್ಲ."

ಗೊತ್ತಿತ್ತಾ ಎಂದು ಕೇಳಿದೆ. ಮೇಲಿಂದ ಇಳಿದು ಬಂದವರು ಎರಡು ಲೋಟ ನೀರು ಕುಡಿದರೆ ಗೊತ್ತಾಗದೆ ಇರುತ್ತದೆಯೇ ಎಂದರು. ಗೊತ್ತಿದ್ದೂ ಬಯ್ಯಲಿಲ್ಲವಲ್ಲ ಎಂದೆ. ಆಂಟಿ ಹಿಂಡಿದ ಬಟ್ಟೆಯನ್ನು ಒಣಹಾಕಲು ಎದ್ದು ಹೋದರು.

ಅದಾದ ಮೇಲೆ ಕೆಲವು ದಿನ ಅವರು ಮೇಲೆ ಬರಲಿಲ್ಲ. ಬಟ್ಟೆಯನ್ನು ಕೆಳಗಡೆ ಗೇಟಿನ ಹತ್ತಿರವೇ ಒಣಹಾಕಿದರು. ನನ್ನ ಚಮಚಗಳನ್ನು ತೆಗೆದುಕೊಂಡು ಹೋಗಲೇಬಾರದಿತ್ತೇನೋ ಎಂದು ಕೂಡ ಅನ್ನಿಸಿತು. ಆಮೇಲೆ ಒಂದು ಬೆಳಿಗ್ಗೆ ಕೆಳಗಿನಿಂದ ಕೂಗು ಬಂತು. ಹೋದರೆ ಒಲೆಯ ಮೇಲೆ ಹುರುಳಿಕಾಳು ಕುದಿಯುತ್ತಿತ್ತು. "ಅಳಿ ಬಾ" ಅಂದರು. ಅಳೆಯುವ ಕೆಲಸ ಶುರುವಾಯಿತು.

ಬಸ್ಸಾರಿಗೆ ಉಪ್ಪಿನ ಲೆಕ್ಕ ಸುಲಭದ್ದಲ್ಲ. ಕಾಳು ಬೇಯುವಾಗ ಒಂದು ಸಲ ಹಾಕುತ್ತಾರೆ. ಬೆಂದ ನೀರನ್ನು ಬಸಿದು ಸಾರಿಗೆ ಇಟ್ಟುಕೊಳ್ಳುತ್ತಾರೆ, ಕಾಳನ್ನು ಪಲ್ಯ ಮಾಡುತ್ತಾರೆ. ಹಾಕಿದ ಉಪ್ಪಿನಲ್ಲಿ ಒಂದಷ್ಟು ಕಾಳಿನ ಜೊತೆ ಹೋಗುತ್ತದೆ, ಒಂದಷ್ಟು ನೀರಿನಲ್ಲಿ ಉಳಿಯುತ್ತದೆ. ರುಬ್ಬಿದ ಖಾರ ಕದಡಿದ ಮೇಲೆ ಇನ್ನೊಂದು ಸಲ. ಆಂಟಿ ಹಿಂದೆ ಒಂದೇ ಹಿಡಿ ಕಲ್ಲುಪ್ಪು ತೆಗೆದು ಎರಡು ಸಲಕ್ಕೂ ಹಂಚಿ ಹಾಕುತ್ತಿದ್ದರು. ಈಗ ಹಿಡಿ ಮಾಡಿ ತೋರಿಸಿ ಎಂದರೆ ಒಂದೊಂದು ಸಲ ಒಂದೊಂದು ಅಳತೆ. ಯೋಚನೆ ಮಾಡಿದಷ್ಟೂ ಕೈ ಸಣ್ಣದಾಗುತ್ತಿತ್ತು.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅವರನ್ನು ಮಾತಿಗೆಳೆದೆ. ಅಂಕಲ್ ಮದುವೆಗೆ ಮುಂಚೆ ನಿಮ್ಮನ್ನು ನೋಡಲು ಬಂದಿದ್ದರಾ, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಿರಾ, ಅದರಲ್ಲಿ ಏನಿರುತ್ತಿತ್ತು... ಹೀಗೆ. ಅವರು ಹೇಳುತ್ತಾ ಹೋದರು. ಸೈಟುಗಳಾಗುವ ಮುಂಚೆ ಅವರ ಹೊಲವಿದ್ದ ದಿಣ್ಣೆ, ಅಂಕಲ್ ಬುತ್ತಿಯ ಗಂಟು ಬಿಚ್ಚುವ ಮೊದಲೇ ಮೂಸಿ ನೋಡಿ ಏನು ಸಾರು ಎಂದು ಹೇಳುತ್ತಿದ್ದದ್ದು. ಮಾತಿನ ಮಧ್ಯೆ ಅವರ ಕೈ ತಾನಾಗಿ ಉಪ್ಪಿನ ಜಾಡಿಗೆ ಹೋಯಿತು. "ತಡೀರಿ ಆಂಟಿ!" ಎಂದು ಆ ಹಿಡಿಯ ಕೆಳಗೆ ತಟ್ಟೆ ಹಿಡಿದೆ. ಅಳೆದರೆ ಒಂದು ಟೇಬಲ್ ಸ್ಪೂನ್, ಮೇಲೆ ಅರ್ಧ ಟೀ ಸ್ಪೂನ್. ಇನ್ನೊಂದು ದಿನ ಬೇರೆ ಮಾತು ತೆಗೆದು ಮತ್ತೆ ಹಿಡಿದೆ. ಅಷ್ಟೇ ಬಂತು. ತಲೆ ಮರೆತಿದ್ದನ್ನು ಕೈ ಮರೆತಿರಲಿಲ್ಲ.

ಆ ವಾರವೆಲ್ಲ ನಾನು ತಿಂದದ್ದು ಬಸ್ಸಾರೇ. ಇವು ಎಡೆಯ ಅಡುಗೆಯಲ್ಲ, ಅಭ್ಯಾಸದವು. ರುಚಿ ನೋಡಲು ಅಡ್ಡಿಯಿರಲಿಲ್ಲ. ಆಂಟಿ ತನ್ನ ನಾಲಿಗೆಯನ್ನು ನಂಬದೆ ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಒಂದು ದಿನ ಮುದ್ದೆ ಮುರಿದು ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಯಿತು. ಉಪ್ಪು, ಹುಳಿ, ಖಾರ ಮೂರೂ ಒಟ್ಟಿಗೆ ಎದ್ದು ನಿಂತಿದ್ದವು. ಇದೇ ಅಂದೆ. "ನಿಜ ಏಳು" ಅಂದರು. ಇದೇ ಆಂಟಿ, ಇನ್ನೊಂದು ಮುದ್ದೆ ಹಾಕಿ ಅಂದೆ. ಅದನ್ನು ಅವರು ನಂಬಿದರು. ಹಬ್ಬದ ಪಾತ್ರೆ ಅದರ ಐದು ಪಟ್ಟು. ಐದು ಟೇಬಲ್ ಸ್ಪೂನ್, ಮೇಲೆ ಎರಡೂವರೆ ಟೀ ಸ್ಪೂನ್ ಎಂದು ಅವರೇ ಬೆರಳು ಮಡಚಿ ಹೇಳಿದರು.

ಹಬ್ಬದ ದಿನ ನನ್ನನ್ನೂ ಕರೆದಿದ್ದರು. ಆಂಟಿ ತಲೆಗೆ ಸ್ನಾನ ಮಾಡಿ ಅಡುಗೆಮನೆ ಸೇರಿದವರು ಯಾರನ್ನೂ ಒಳಗೆ ಬಿಡಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಲ್ಲುಪ್ಪನ್ನು ನನ್ನ ಚಮಚದಲ್ಲಿ ತೆಗೆದು, ಚಾಕುವಿನ ಬೆನ್ನಿನಿಂದ ಸವರಿ, ತುಟಿ ಅಲ್ಲಾಡಿಸುತ್ತಾ ಹಾಕಿದರು. ಔಷಧಿ ಕುಡಿಸುವವರ ಹಾಗೆ ಎಂದು ರೇಗಿಸಲು ನನಗೆ ಬಾಯಿ ಬರಲಿಲ್ಲ. ನಡುಮನೆಯಲ್ಲಿ ಅಂಕಲ್ ಫೋಟೋ, ಹೊಸ ಪಂಚೆ, ಎಲೆ. ಎಡೆ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದರು. ಹಿರಿಯರು ಉಣ್ಣುವಾಗ ನೋಡಬಾರದು. ಆ ಹೊತ್ತಿನಲ್ಲಿ ಆಂಟಿ ವರಾಂಡದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ನಿಂತಿದ್ದರು. ಪರೀಕ್ಷೆ ಬರೆದು ಬಂದ ಹುಡುಗಿಯಂತೆ ಸೆರಗಿನ ತುದಿಯನ್ನು ತಿರುಚುತ್ತಿದ್ದರು.

ಬಾಗಿಲು ತೆಗೆದ ಮೇಲೆ ಮೈದುನ ಮೊದಲ ಪಂಕ್ತಿಗೆ ಕೂತರು. ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ನುಂಗಿದರು. ಕೈ ಅಲ್ಲೇ ನಿಂತಿತು. "ಅತ್ತಿಗೆಮ್ಮಾ..." ಅಂದರು. ಅಡುಗೆಮನೆಯಲ್ಲಿ ಸದ್ದು ನಿಂತುಹೋಯಿತು.

"ಇನ್ನೊಂಚೂರು ಸಾರು ಬಿಡಿ."

ಆಂಟಿ ಬಂದು ಬಿಟ್ಟರು. ಮೈದುನ ತಲೆ ಎತ್ತಲಿಲ್ಲ. ಎಲೆಯನ್ನೇ ನೋಡುತ್ತಾ, "ಅಣ್ಣ ಪಕ್ಕದಾಗೇ ಕುಂತಂಗಾಯ್ತು ಕಣ್ರೀ" ಅಂದರು. ಆ ಜೋರು ಬಾಯಿಯ ಮನುಷ್ಯ ಆಮೇಲೆ ಏನೂ ಮಾತಾಡದೆ ಊಟ ಮುಗಿಸಿದರು. ಆಂಟಿ ಸೌಟು ಹಿಡಿದುಕೊಂಡೇ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ನನಗೂ ತಡೆಯಲಾಗಲಿಲ್ಲ.

ಎಲ್ಲರದೂ ಆದ ಮೇಲೆ ಅವರು ಕೂತರು. ಮೊದಲ ತುತ್ತಿಗೇ ಮುಖ ಕಿವುಚಿ, ಒಂದು ಲೋಟ ನೀರು ಗಟಗಟ ಕುಡಿದು, "ಅಬ್ಬಬ್ಬಾ, ಇಷ್ಟು ಉಪ್ಪು ಎಂಗ್ ತಿಂತಿದ್ವೋ!" ಎಂದು ನಕ್ಕುಬಿಟ್ಟರು. ಆದರೂ ಎಲೆಯಲ್ಲಿ ಒಂದು ಅಗುಳು ಬಿಡದೆ ತಿಂದರು.

ಸಂಜೆ ನಾನು ಹೊರಡುವಾಗ ಆ ಚಿಕ್ಕ ಚಮಚವನ್ನು ನನ್ನ ಕೈಗೆ ಹಾಕಿದರು. ಬಿಸಾಡಲು ಮನಸ್ಸಿಲ್ಲ, ದಿನಾ ನೋಡಲೂ ಆಗುವುದಿಲ್ಲ, ನೀನು ಇಟ್ಟುಕೋ ಎಂದರು. ನನ್ನ ಗೊಂಚಲಿನಿಂದ ಟೀ ಸ್ಪೂನನ್ನು ಕೇಳದೆಯೇ ಬಿಚ್ಚಿಕೊಂಡಿದ್ದರು. ಒಳ್ಳೆಯ ಸೆಟ್ಟು ಹಾಳಾಯಿತಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಮರುದಿನ ಬೆಳಿಗ್ಗೆ ಕೆಳಗೆ ಹೋದರೆ ನನ್ನ ಟೀ ಸ್ಪೂನಿನಲ್ಲಿ ಅರ್ಧ ಅಳೆದು ಬಟ್ಟಲಿಗೆ ಹಾಕುತ್ತಿದ್ದರು. ಈಗಲಾದರೂ ಪೂರ್ತಿ ಹಾಕಿಕೊಳ್ಳಿ ಆಂಟಿ ಅಂದೆ. "ನಂಗಿದೇ ರೂಢಿ ಆಗೋಯ್ತು" ಅಂದರು. ಕೊನೆಯವರೆಗೂ ಅಷ್ಟನ್ನೇ ತಿಂದರು.

ಆಮೇಲೆ ನಾನು ತಣಿಸಂದ್ರಕ್ಕೆ ಬಂದೆ. ಹಬ್ಬಕ್ಕೆ ತಪ್ಪದೆ ಕರೆಯುತ್ತಿದ್ದರು, ಹೋಗುತ್ತಿದ್ದೆ. ಹೋದ ವರ್ಷ ಬೇಸಿಗೆಯಲ್ಲಿ ಆಂಟಿ ತೀರಿಕೊಂಡರು. ನಾಲ್ಕು ದಿನ ಜ್ವರ, ಆಸ್ಪತ್ರೆ, ಅಷ್ಟೇ. ಈಗ ಮಗ, ಸೊಸೆ ಆ ಮನೆಗೇ ಬಂದಿದ್ದಾರೆ. ಮೇಲಿನ ನನ್ನ ಮನೆಯಲ್ಲಿ ಯಾರೋ ಕಾಲೇಜು ಹುಡುಗರಿದ್ದಾರೆ.

ನಿನ್ನೆ ಕೇಕು ಸೀದುಹೋದ ಸಂಜೆಯೇ ಆ ಸೊಸೆಯ ಫೋನು ಬಂತು. ಹಿರಿಯರ ಹಬ್ಬ ಬರುತ್ತಿದೆ, ಈ ಸಲ ಅತ್ತೆಗೂ ಎಡೆ, ಬಸ್ಸಾರು ತಾನೇ ಮಾಡಬೇಕು ಎಂದಳು. "ಐದು ಟೇಬಲ್ ಸ್ಪೂನ್ ಲೆಕ್ಕ ಅತ್ತೆ ಹೇಳ್ಕೊಟ್ಟಿದ್ರು ಅಕ್ಕಾ, ಅದು ಮಾವಂದು. ಅತ್ತೆಗೆ ಎಷ್ಟು ಹಾಕ್ಲಿ?"

ಅಂಕಲ್‌ರ ಉಪ್ಪನ್ನು ಅಷ್ಟು ಅಳೆದವರು ನಾವು, ಆಂಟಿಗೆ ಯಾವ ಉಪ್ಪು ಇಷ್ಟ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಮದುವೆಗೆ ಮುಂಚೆ ಹೇಗೆ ತಿನ್ನುತ್ತಿದ್ದರೋ... ಗಂಡನ ಜೊತೆ ಉಪ್ಪು ತಿಂದರು, ಗಂಡನ ಜೊತೆ ಸಪ್ಪೆ ತಿಂದರು. ರೂಢಿ ಅಂದದ್ದು ಬಿಟ್ಟರೆ ಅವರದು ಎನ್ನುವಂಥ ಮಾತು ನನಗೆ ನೆನಪಿಲ್ಲ.

ಎರಡು ಪಾತ್ರೆ ಇಡು ಎಂದೆ. ಮಾವನದು ಆ ಲೆಕ್ಕ, ಅತ್ತೆಯದು ಅದರಲ್ಲಿ ಅರ್ಧ. "ಒಂದೇ ಎಡೆಗೆ ಎರಡು ಸಾರಾ ಅಕ್ಕಾ?" ಎಂದು ಅವಳಿಗೆ ಆಶ್ಚರ್ಯ. ಹೂಂ ಅಂದೆ. ನಾನೇ ಬರುತ್ತೇನೆ, ಅತ್ತೆಯ ಚಮಚ ನನ್ನ ಹತ್ತಿರ ಇದೆ, ತರುತ್ತೇನೆ ಎಂದೂ ಹೇಳಿದೆ.

ಈಗ ದಾರ ಬಿಚ್ಚಿ ಚಮಚವನ್ನು ತೊಳೆದು ಇಟ್ಟಿದ್ದೇನೆ. ಅಳತೆ ಸರಿಯಾಗಿಯೇ ಹಾಕುತ್ತೇವೆ, ಸಮ ಮಾಡಿ ಹಾಕುತ್ತೇವೆ. ಆದರೆ ಎಡೆಯ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಉಪ್ಪಾಯಿತೋ ಸಪ್ಪೆಯಾಯಿತೋ ಹೇಳಬೇಕಾದವರು ಈ ಸಲ ಎಲೆಯ ಆ ಕಡೆ ಕೂತಿರುತ್ತಾರೆ.